ಕಾರಣದ ಕಾಲಂ

ಮೊನ್ನೆ ಶುಕ್ರವಾರ ಕುವೈತಿನ ಸಾಲ್ಮಿಯಾದ ಒಂದು ಶಾಲೆಯ ಹಾಲಿನಲ್ಲಿ, ನನ್ನ ಜೊತೆ ದುಡಿದ ಒಬ್ಬ ಹಿರಿಯರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಅವರು ಊರಿನಲ್ಲಿ ತೀರಿಕೊಂಡ ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಹದಿನಾರು ದಿನ ಕಳೆದಿತ್ತು. ಎಲ್ಲಿಂದಲೋ ಒಂದು ಹಳೆಯ ಪಾಸ್‌ಪೋರ್ಟ್ ಫೋಟೋ ಹುಡುಕಿ, ದೊಡ್ಡದು ಮಾಡಿಸಿ, ಪ್ಲಾಸ್ಟಿಕ್ ಮಲ್ಲಿಗೆಯ ಹಾರ ಹಾಕಿದ್ದರು. ಅಧ್ಯಕ್ಷತೆ ವಹಿಸಿದವನು ನಾನು ಕೆಲಸ ಮಾಡುವ ಕಂಪನಿಯ ಮ್ಯಾನೇಜರ್. ನಮ್ಮವನೇ, ಬೆಂಗಳೂರಿನವನು. ಏಕವಚನ ಬಳಸುತ್ತಿದ್ದೇನೆ, ಓದುವವರು ಕ್ಷಮಿಸಬೇಕು. ಇಷ್ಟು ವರ್ಷ ಎದುರಿಗೆ ‘ಸಾರ್, ಸಾರ್’ ಎಂದ ಬಾಯಿಗೆ ಇಲ್ಲಾದರೂ ಸ್ವಲ್ಪ ಬಿಡುವು ಬೇಕು.

ಅವನು ಮೈಕಿನ ಮುಂದೆ ನಿಂತು, “ನಮ್ಮನ್ನಗಲಿದ ಈ ಹಿರಿಯರು ಮಹಾ ಪ್ರಾಣಿಪ್ರಿಯರು. ಆಫ್ರಿಕಾದ ಆನೆಗಳಿಗೂ ಇವರನ್ನ ಕಂಡ್ರೆ ಪ್ರೀತಿ” ಎಂದ. ಜನ ಸಭೆಗೆ ತಕ್ಕಷ್ಟು ಮೆಲ್ಲಗೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆ ಆನೆಗಳಿಗೆ ನೀರು ಬಿಟ್ಟರು ಎಂಬ ಒಂದೇ ತಪ್ಪಿಗೆ, ಇಲ್ಲಿ ಉಳಿಯಲು ಬೇಕಾದ ಇಕಾಮಾ ರದ್ದು ಮಾಡಿಸಿ, ಹದಿಮೂರು ವರ್ಷ ದುಡಿದ ಮನುಷ್ಯನನ್ನು ಎರಡೇ ವಾರದಲ್ಲಿ ವಿಮಾನ ಹತ್ತಿಸಿದವನು ಇವನು. ಅದಕ್ಕೆ ಬೇಕಾದ ಕಾಗದಕ್ಕೆ ಸಹಿ ಹಾಕಿದವನು ನಾನು. ಆದ್ದರಿಂದ ಈ ಬರಹದಲ್ಲಿ ಸಿಟ್ಟು ಹೆಚ್ಚಾಯಿತು ಎಂದು ಯಾರಿಗಾದರೂ ಅನಿಸಿದರೆ, ಅದರಲ್ಲಿ ಅರ್ಧ ನನ್ನ ಮೇಲಿನದೇ ಎಂದು ತಿಳಿಯಬೇಕು.

ಮೊದಲಿಗೆ ಈ ಸುಳ್ಳನ್ನು ತೆಗೆದುಹಾಕುತ್ತೇನೆ. ಅವರು ಪ್ರಾಣಿಪ್ರಿಯರಾಗಿರಲಿಲ್ಲ. ಶುವೈಖಿನ ನಮ್ಮ ವರ್ಕ್‌ಶಾಪಿಗೆ ಬೆಕ್ಕು ಬಂದರೆ ಚಪ್ಪಲಿ ಎಸೆಯುತ್ತಿದ್ದರು. ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಯಾರೋ ಗಿಳಿ ಸಾಕಿದ್ದಾರೆಂದು ಅವರ ಮನೆಗೆ ಊಟಕ್ಕೆ ಹೋಗುವುದನ್ನೇ ಬಿಟ್ಟಿದ್ದರು. ಅವರಿಗೆ ಪ್ರೀತಿ ಇದ್ದದ್ದು ನೀರಿನ ಮೇಲೆ. ಪ್ರೀತಿ ಎನ್ನುವುದಕ್ಕಿಂತ ಒಂದು ಬಗೆಯ ಹಟ ಎನ್ನಬೇಕು.

ಅವರು ಮಧುಗಿರಿ ಕಡೆಯವರು. ಪಂಪ್ ಮೆಕ್ಯಾನಿಕ್. ನಮ್ಮ ಕಂಪನಿ ನೀರಿನ ಪಂಪುಗಳನ್ನು ಮಾರಿ, ಹಾಕಿಕೊಟ್ಟು, ಕೆಟ್ಟರೆ ರಿಪೇರಿ ಮಾಡಿಕೊಡುತ್ತಿತ್ತು. ನಾನು ಮಂಗಳೂರಿನವನು, ಆ ಕಂಪನಿಯಲ್ಲಿ ಸ್ಟೋರ್‌ಕೀಪರ್. ಅವರದು ಉದ್ದ ಆಳು, ಸಣಕಲು ಮೈ, ಸಾಮಾನಿನ ಚೀಲ ಹೊತ್ತು ಹೊತ್ತು ಎಡಭುಜ ಒಂದಿಷ್ಟು ಇಳಿದಿತ್ತು. ಯಾವ ಪೈಪ್ ಸಿಕ್ಕಿದರೂ ಮೊದಲು ಅಂಗೈ ತಿರುಗಿಸಿ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು, ಜ್ವರ ನೋಡುವ ತಾಯಿಯ ಹಾಗೆ. ಆಮೇಲೆ ಕಿವಿ ಇಡುತ್ತಿದ್ದರು. ‘ಗಾಳಿ ಎಳೀತಾ ಇದೆ’ ಎಂದರೆ ಗಾಳಿಯೇ, ‘ಮರಳು’ ಎಂದರೆ ಮರಳೇ. ಕಂಪನಿಯ ಯಜಮಾನರು, ಕುವೈತಿನ ಒಬ್ಬ ಮುದುಕ ವ್ಯಾಪಾರಿ, ಇವರನ್ನು ‘ಪಾನಿವಾಲಾ’ ಎಂದು ಕರೆಯುತ್ತಿದ್ದರು. ಅದೇ ಹೆಸರು ಎಲ್ಲರ ಬಾಯಿಗೂ ಬಂತು. ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. ಆ ಸಭೆಯಲ್ಲಿ ಅದನ್ನು ಬೇಕಾದಷ್ಟು ಸಲ ಮೈಕಿನಲ್ಲಿ ಉಜ್ಜಿಯಾಗಿದೆ.

ನಮ್ಮಲ್ಲಿ ಪ್ರತಿಯೊಂದು ಹೊರಗಿನ ಕೆಲಸಕ್ಕೂ ಒಂದು ವರದಿ ಹಾಳೆ ಇತ್ತು, ಈಗಲೂ ಇದೆ. ಎರಡೇ ಕಾಲಂ. ಒಂದು ‘ಮಾಡಿದ ಕೆಲಸ’, ಇನ್ನೊಂದು ‘ಕಾರಣ’. ಕೆಳಗೆ ಮೆಕ್ಯಾನಿಕ್ಕಿನ ಸಹಿ, ಸ್ಟೋರ್‌ಕೀಪರಿನ ಸಹಿ. ಉಳಿದ ಮೆಕ್ಯಾನಿಕ್ಕುಗಳು ‘ವಾಲ್ವ್ ಬದಲಿಸಿದೆ’ ಎಂದು ಬರೆದು, ಕಾರಣದ ಜಾಗದಲ್ಲಿ ಒಂದು ಗೀಟು ಎಳೆದು ಕೊಡುತ್ತಿದ್ದರು. ಇವರು ಮಾತ್ರ ಕುಳಿತು, ಪೆನ್ಸಿಲ್ ಚೂಪು ಮಾಡಿ, ಕಾರಣ ಬರೆಯುತ್ತಿದ್ದರು. ಸುಮ್ಮನೆ ಯಾಕೆ ಹೊತ್ತು ಕಳೆಯುತ್ತೀರಿ ಎಂದು ನಾನು ಚುಡಾಯಿಸಿದರೆ, “ಕಾರಣ ಬರೀದೆ ಮಾಡಿದ ಕೆಲಸ ಕಳ್ಳತನ ಇದ್ದಂಗೆ ಕಣಪ್ಪ” ಎನ್ನುತ್ತಿದ್ದರು.

ಒಮ್ಮೆ ಮೀನಾ ಅಬ್ದುಲ್ಲಾದಲ್ಲಿ ಒಂದು ಗುತ್ತಿಗೆದಾರನ ಸೈಟಿಗೆ ಹೋಗಿದ್ದೆವು. ಆಗಸ್ಟ್ ತಿಂಗಳು. ಕೆಲಸದವರಿಗೆ ಕುಡಿಯಲು ಬಿಸಿಲಲ್ಲೇ ಇಟ್ಟ ಒಂದು ಡ್ರಮ್ಮು. ಅದರ ನೀರಿನಲ್ಲಿ ಚಹಾ ಪುಡಿ ಹಾಕಿದರೆ ಬಣ್ಣ ಬಿಡುತ್ತಿತ್ತು. ಸೂಪರ್‌ವೈಸರನ ಕ್ಯಾಬಿನ್ನಿನೊಳಗೆ ತಣ್ಣೀರಿನ ಕೂಲರ್. ನಮ್ಮನ್ನು ಕರೆಸಿದ್ದು ಬೇರೆ ಪಂಪಿನ ಕೆಲಸಕ್ಕೆ. ಅದು ಮುಗಿದ ಮೇಲೆ ಇವರು ಯಾರನ್ನೂ ಕೇಳದೆ ಕೂಲರಿನಿಂದ ಒಂದು ಪೈಪ್ ಎಳೆದು, ಗೋಡೆ ಕೊರೆದು, ಹೊರಗೆ ನಲ್ಲಿ ಕೂರಿಸಿಬಿಟ್ಟರು. ವರದಿಯಲ್ಲಿ ಬರೆದದ್ದು: ‘ಮಾಡಿದ ಕೆಲಸ: ಹೊರಗೆ ಒಂದು ನಲ್ಲಿ. ಕಾರಣ: ಬಾಯಾರಿಕೆ.’ ಅದೊಂದೇ ಪದ. ಆ ಹಾಳೆ ಯಜಮಾನರ ತನಕ ಹೋಯಿತು. ಇನ್ನು ಇವರ ಕಥೆ ಖಲಾಸ್ ಎಂದುಕೊಂಡೆವು. ಆ ಮುದುಕರು ಅದನ್ನು ಓದಿಸಿ ಕೇಳಿ, ಒಂದು ಡಬ್ಬಿ ಖರ್ಜೂರ ಕಳಿಸಿದರು.

ಇಲ್ಲಿ ಅನೇಕ ಮನೆಗಳವರು ದಾರಿಹೋಕರಿಗಾಗಿ ಗೇಟಿನ ಹೊರಗೆ ತಣ್ಣೀರಿನ ಪೆಟ್ಟಿಗೆ ಇಡುತ್ತಾರೆ. ಸಬೀಲ್ ಎನ್ನುತ್ತಾರೆ. ನಮ್ಮ ಅರವಟ್ಟಿಗೆಯೇ. ಶುಕ್ರವಾರ ನಾವೆಲ್ಲ ಕಡಲದಂಡೆಯ ಕಾರ್ನಿಷ್‌ಗೆ ಹೋಗಿ ಕಡಲೆಕಾಯಿ ತಿನ್ನುವಾಗ ಇವರು ಜೇಬಿನ ತುಂಬ ವಾಷರ್ ಹಾಕಿಕೊಂಡು ಬೀದಿ ಬೀದಿ ಅಲೆದು, ಸೋರುವ ಸಬೀಲ್ ನಲ್ಲಿಗಳನ್ನು ಸರಿಮಾಡುತ್ತಿದ್ದರು. ಅವರ ತಾಯಿ ಊರಿನ ಬಸ್ಸು ನಿಲ್ಲುವ ಜಾಗದಲ್ಲಿ, ಹೊಂಗೆಮರದ ಕೆಳಗೆ, ಪ್ರತಿ ಬೇಸಿಗೆ ಅರವಟ್ಟಿಗೆ ಇಡುತ್ತಿದ್ದರಂತೆ. ಯಾರು, ಯಾವ ಊರು ಎಂದು ಕೇಳುವ ಮೊದಲು ನೀರು ಕೊಡಬೇಕು, ಕೇಳಿ ಕೊಟ್ಟರೆ ಅದು ವ್ಯಾಪಾರ ಎಂದು ಆಕೆ ಹೇಳುತ್ತಿದ್ದರಂತೆ. ಇವರು ನನ್ನ ಮನೆಗೆ ಊಟಕ್ಕೆ ಬಂದರೂ ಮೊದಲು ಅಡುಗೆಮನೆಗೆ ನುಗ್ಗಿ ನಲ್ಲಿ ತಿರುಗಿಸಿ ನೋಡುತ್ತಿದ್ದರು. ನನ್ನ ಹೆಂಡತಿ ಇಲ್ಲಿಗೆ ಬಂದ ಮೇಲೆ ಇವರ ಸುದ್ದಿ ಕೇಳಿ, ಅಂಥ ನೆಂಟರು ಮನೆಗೆ ಒಬ್ಬರಾದರೂ ಬೇಕು ಎಂದಳು. ಆಗ ಅವರು ಇಲ್ಲಿ ಇರಲಿಲ್ಲ.

ಈಗ ಆಫ್ರಿಕಾ. ಕೀನ್ಯಾದ ಒಂದು ದೊಡ್ಡ ವನ್ಯಧಾಮದೊಳಗೆ ಒಂದು ಹೋಟೆಲಿತ್ತು. ಅದಕ್ಕೆ ಪಂಪ್ ಮಾರಿದ್ದು ನಮ್ಮ ಮ್ಯಾನೇಜರ್. ಅಲ್ಲಿ ಏನೋ ಸಣ್ಣ ಕೆಲಸವಿದೆ, ಮುಗಿಸಿ ಎರಡು ದಿನ ಆನೆ ಸಿಂಹ ನೋಡಿಕೊಂಡು ಬರೋಣ ಎಂದು ಮೆಕ್ಯಾನಿಕ್ ಆಗಿ ಇವರನ್ನೂ ಸಾಮಾನು ಹೊರಲು ನನ್ನನ್ನೂ ಕರೆದುಕೊಂಡು ಹೋದ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಊರಿಗೆ ಎರಡು ವರ್ಷಕ್ಕೊಮ್ಮೆ ಹೋಗುವ ನಮಗೆ ಸಫಾರಿ ಎಂದರೇನು ಸಾಮಾನ್ಯವೇ. ಇವರಿಗೆ ಮಾತ್ರ ಒಂದಿಷ್ಟೂ ಉಮೇದಿರಲಿಲ್ಲ. ‘ಆನೆಗೆ ನನ್ನ ಹತ್ರ ಏನ್ ಕೆಲಸ’ ಎಂದು ವಿಮಾನದಲ್ಲಿ ನಿದ್ದೆ ಮಾಡಿದರು.

ಅದು ಅಲ್ಲಿ ಕಡು ಒಣ ಕಾಲ. ಮರಳುಗಾಡಿನಿಂದ ಹೋದ ನನಗೇ ಹೆದರಿಕೆಯಾಗುವಂಥ ಒಣಗು. ಕುವೈತಿನಲ್ಲಿ ಏನೂ ಇಲ್ಲದಲ್ಲಿ ಏನೂ ಇಲ್ಲ, ಅಷ್ಟೇ. ಅಲ್ಲಿ ಎಲ್ಲವೂ ಇದ್ದು, ಎಲ್ಲವೂ ಸಾಯುತ್ತಿತ್ತು. ಹುಲ್ಲು ಬೂದಿಯ ಬಣ್ಣ. ನೆಲ ಕೆಂಪು, ಅದರ ಧೂಳು ಮೆತ್ತಿ ಆನೆಗಳೂ ಕೆಂಪು. ದಪ್ಪ ಮರಗಳ ತೊಗಟೆಯನ್ನು ಆನೆಗಳು ದಂತದಿಂದ ಸುಲಿದು, ಒಳಗಿನ ನಾರನ್ನು ಜಗಿದು ಉಗುಳಿದ್ದವು. ಹೊಳೆ ಎಂದು ತೋರಿಸಿದ ಜಾಗದಲ್ಲಿ ಬರೀ ಮರಳು. ಅದರಲ್ಲಿ ಒಂದು ಗಂಡಾನೆ ಮುಂಗಾಲಿನಿಂದ ಕೆರೆದು ಗುಂಡಿ ತೋಡಿ, ಸೊಂಡಿಲಿಳಿಸಿ, ಜಿನುಗುವುದಕ್ಕೆ ಕಾಯುತ್ತಿತ್ತು. ಅದರ ಹಿಂದೆ ಜೀಬ್ರಾಗಳು ಸಾಲಾಗಿ ನಿಂತಿದ್ದವು. ದಾರಿಯ ಬದಿಯಲ್ಲಿ ಒಂದು ಕಾಡೆಮ್ಮೆಯ ಕರು ಬಿದ್ದಿತ್ತು. ಮೈಮೇಲೆ ಗಾಯವಿಲ್ಲ, ಯಾವ ಸಿಂಹವೂ ಮುಟ್ಟಿರಲಿಲ್ಲ.

ವ್ಯಾನಿನಲ್ಲಿದ್ದ ಬೇರೆ ಪ್ರವಾಸಿಗರೆಲ್ಲ ಬಹಳ ಖುಷಿಯಲ್ಲಿದ್ದರು. ನೋಡುವುದಾದರೆ ಒಣ ಕಾಲದಲ್ಲೇ ನೋಡಬೇಕು, ಮಳೆ ಬಂದರೆ ಪ್ರಾಣಿಗಳು ಚದುರಿಹೋಗುತ್ತವೆ, ಹುಲ್ಲು ಬೆಳೆದು ಏನೂ ಕಾಣುವುದಿಲ್ಲ, ಈಗಾದರೆ ಎಲ್ಲವೂ ನೀರಿನ ಹತ್ತಿರವೇ ಬರುತ್ತವೆ ಎಂದು ಗೈಡ್ ಹೇಳಿದ. ಮ್ಯಾನೇಜರ್ ಅದನ್ನು ನಮಗೆ ಕನ್ನಡದಲ್ಲಿ ಮತ್ತೊಮ್ಮೆ ಹೇಳಿ, ಒಳ್ಳೇ ಸೀಸನ್‌ನಲ್ಲಿ ಬಂದಿದ್ದೇವೆ ಎಂದ. ನಾನೂ ತಲೆಯಾಡಿಸಿದೆ. ನನ್ನ ಕೈಯಲ್ಲೂ ಕ್ಯಾಮೆರಾ ಇತ್ತು. ಇವರು ಕಿಟಕಿಯ ಕಡೆ ಮುಖ ಮಾಡಿ, ಅವು ನಮಗೆ ಕಾಣಲಿ ಅಂತ ಬಂದಿಲ್ಲ, ನೀರಿಗೆ ಬಂದಿವೆ ಎಂದು ತಮಗೆ ತಾವೇ ಹೇಳಿಕೊಂಡರು.

ಹೋಟೆಲಿನ ಮುಂದೆ ಉದ್ದನೆಯ ಜಗಲಿ, ಬೆತ್ತದ ಕುರ್ಚಿಗಳು. ಅಲ್ಲಿಂದ ಐವತ್ತು ಮಾರು ದೂರದಲ್ಲಿ ಪ್ರಾಣಿಗಳಿಗೆಂದು ಒಂದು ಕಾಂಕ್ರೀಟ್ ತೊಟ್ಟಿ. ಹಿಂಬದಿಯಲ್ಲಿ ಹಸಿರು ಲಾನ್, ಈಜುಕೊಳ. ಕೊಳವನ್ನು ಮೂರು ದಿನಕ್ಕೊಮ್ಮೆ ಖಾಲಿ ಮಾಡಿ, ತೊಳೆದು, ಮತ್ತೆ ತುಂಬಿಸುತ್ತಿದ್ದರು. ಮೂರು ದಿನಕ್ಕೊಮ್ಮೆ. ಎಲ್ಲದಕ್ಕೂ ನೀರು ಒಂದೇ ಕೊಳವೆಬಾವಿಯಿಂದ.

ನಾವು ತಲುಪಿದ್ದು ನಡುಮಧ್ಯಾಹ್ನ. ತೊಟ್ಟಿ ಒಣಗಿತ್ತು. ಸುತ್ತ ಹನ್ನೊಂದು ಆನೆಗಳು ಬಿಸಿಲಲ್ಲಿ ಅಲುಗಾಡದೆ ನಿಂತಿದ್ದವು. ನಡುವೆ ಒಂದು ಮರಿ, ತಾಯಿಯ ನೆರಳಿನಲ್ಲಿ ಮಂಡಿಯೂರಿ ಕುಳಿತಿತ್ತು. ಒಂದು ಮುದಿ ಹೆಣ್ಣಾನೆ ನೀರು ಬೀಳುವ ಪೈಪಿನ ಬಾಯಿಗೆ ಸೊಂಡಿಲಿನ ತುದಿಯನ್ನು ಇಟ್ಟುಕೊಂಡು, ತೆಗೆಯದೆ, ಕಾಯುತ್ತಿತ್ತು. ನಮ್ಮೂರ ಬೀದಿಯ ನಲ್ಲಿಯ ಮುಂದೆ ಕೊಡ ಇಟ್ಟು ಕುಳಿತ ಹೆಂಗಸರ ನೆನಪಾಯಿತು ನನಗೆ. ಇವರು ಚೀಲ ಇಳಿಸಿ ನೋಡುತ್ತ ನಿಂತರು. ಪಂಪ್ ಕೆಟ್ಟಿದೆ ಎಂದುಕೊಂಡು ಅಂಗಿಯ ತೋಳು ಮಡಿಸಿಕೊಂಡರು.

ಪಂಪ್ ಕೆಟ್ಟಿರಲಿಲ್ಲ. ನಮ್ಮನ್ನು ಕರೆಸಿದ್ದು ಅದಕ್ಕಲ್ಲ. ದಿನವಿಡೀ ತೊಟ್ಟಿಯಲ್ಲಿ ನೀರಿದ್ದರೆ ಪ್ರಾಣಿಗಳು ತಮಗೆ ಬೇಕಾದಾಗ ಬಂದು ಕುಡಿದು ಹೋಗುತ್ತವೆ, ಅತಿಥಿಗಳಿಗೆ ಸಿಗುವುದಿಲ್ಲ. ಆದ್ದರಿಂದ ಅತಿಥಿಗಳು ಸಂಜೆ ಚಹಾಕ್ಕೆ ಕುಳಿತ ಒಂದೂವರೆ ಗಂಟೆ ಮಾತ್ರ ನೀರು ಬಿಡುವುದು. ಆಗ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ, ಹೊಡೆದಾಡುತ್ತವೆ, ಫೋಟೋ ಚೆನ್ನಾಗಿ ಬರುತ್ತದೆ. ಇಷ್ಟು ದಿನ ಒಬ್ಬ ಕಾವಲುಗಾರ ಕೈಯಲ್ಲಿ ವಾಲ್ವ್ ತಿರುಗಿಸುತ್ತಿದ್ದ. ಆದರೆ ಆ ಮುದುಕ ಕೆಲವೊಮ್ಮೆ ಮಧ್ಯಾಹ್ನವೇ ಕದ್ದು ಬಿಟ್ಟುಬಿಡುತ್ತಾನೆ, ಅದಕ್ಕೆ ಗಡಿಯಾರದ ಸ್ವಿಚ್ ಹಾಕಿ ಬೀಗ ಹಾಕಿಬಿಡಿ ಎಂಬುದು ಕೆಲಸ. ನನ್ನ ಸಾಮಾನಿನ ಪೆಟ್ಟಿಗೆಯಲ್ಲಿದ್ದ ಸ್ವಿಚ್ಚು ಇದಕ್ಕೇ ಎಂದು ನನಗೆ ಆಗ ಗೊತ್ತಾಯಿತು.

“ಸಿಂಪಲ್ ಜಾಬ್. ಐದರಿಂದ ಆರೂವರೆಗೆ ಸೆಟ್ ಮಾಡಿ, ಯಲ್ಲಾ, ನಡೀರಿ, ಸಿಂಹ ನೋಡೋಕೆ ಹೋಗೋಣ” ಎಂದ ಮ್ಯಾನೇಜರ್.

“ಉಳಿದ ಹೊತ್ತು ಸಾರ್?”

“ಉಳಿದ ಹೊತ್ತು ನೋಡೋರು ಯಾರಿದಾರೆ ಇಲ್ಲಿ?”

“ಕುಡಿಯೋರು ಇದಾರಲ್ಲ” ಎಂದರು ಇವರು.

ಮ್ಯಾನೇಜರ್ ನಕ್ಕು ಹೆಗಲು ತಟ್ಟಿ ಒಳಗೆ ಹೋದ. ಸಂಜೆ ಐದಕ್ಕೆ ಕಾವಲುಗಾರ ನೀರು ಬಿಟ್ಟ. ನಾವೂ ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದೆವು. ಗೈಡ್ ಹೇಳಿದ ಹಾಗೆಯೇ ಆಯಿತು. ಗಂಡಾನೆಗಳು ಉಳಿದವನ್ನು ತಳ್ಳಿದವು, ಜೀಬ್ರಾಗಳು ಒಂದನ್ನೊಂದು ಒದ್ದವು, ಆ ಮರಿ ತಳ್ಳಾಟಕ್ಕೆ ಸಿಕ್ಕಿ ಎರಡು ಸಲ ಬಿತ್ತು. ಒಬ್ಬ ಹೆಂಗಸು ಬಿಸ್ಕತ್ತು ಹಿಡಿದ ಕೈಯಿಂದಲೇ ಚಪ್ಪಾಳೆ ತಟ್ಟಿದಳು. ಇವರ ಮುಂದಿನ ಚಹಾ ಹಾಗೇ ಇತ್ತು. ಹದಿಮೂರು ವರ್ಷದಲ್ಲಿ ಅವರ ಮುಖ ಹಾಗೆ ಕಪ್ಪಿಟ್ಟದ್ದನ್ನು ನಾನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ವ್ಯಾನು ಹತ್ತಿ ಸಿಂಹ ನೋಡಲು ಹೋದರು. ಇವರು ಕೆಲಸವಿದೆ ಎಂದು ಉಳಿದರು, ನನ್ನನ್ನೂ ಉಳಿಸಿಕೊಂಡರು. ಅವತ್ತು ಕೊಳ ತೊಳೆಯುವ ದಿನ, ಖಾಲಿಯಾಗಿತ್ತು. ಇವರು ಸೀದಾ ಕೊಳದ ಹತ್ತಿರ ಹೋಗಿ, ಅದರ ಚೆಂಡಿನ ವಾಲ್ವನ್ನು ಬಿಚ್ಚಿದರು. ನೀರು ತುಂಬಿದಾಗ ಚೆಂಡು ಮೇಲೆ ತೇಲಿ ತಾನೇ ಮುಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ತಾನೇ ತೆರೆದುಕೊಳ್ಳುತ್ತದೆ, ಅಂಥದ್ದು. ಕೊಳದ ಪೈಪಿಗೆ ಮುಚ್ಚಳ ತಿರುಗಿಸಿ ಬಿಗಿದರು. ಆ ವಾಲ್ವನ್ನು ಪ್ರಾಣಿಗಳ ತೊಟ್ಟಿಯ ಪಕ್ಕದ ಹಳೆಯ ಗುಂಡಿಯಲ್ಲಿ, ಆನೆ ಮುರಿಯದ ಹಾಗೆ, ಕೂರಿಸಿದರು. ಮುದಿ ಕಾವಲುಗಾರ ಒಂದು ಮಾತೂ ಕೇಳದೆ ಕಬ್ಬಿಣದ ಮುಚ್ಚಳ, ಕಲ್ಲು ಹೊತ್ತು ತಂದ. ಅವನ ಭಾಷೆ ಇವರಿಗೆ ಬಾರದು, ಇವರದು ಅವನಿಗೆ ಬಾರದು. ಕೈಗಳಿಗೆ ಅದರ ಅಗತ್ಯವೂ ಇರಲಿಲ್ಲ. ಗಡಿಯಾರದ ಸ್ವಿಚ್ಚು ಮಾತ್ರ ನನ್ನ ಪೆಟ್ಟಿಗೆಯಲ್ಲೇ ಇತ್ತು.

“ಸಾರ್, ಇದೆಂತ ಮಾಡ್ತಾ ಇದ್ದೀರಿ? ಕೆಲಸ ಹೋಗ್ತದೆ” ಎಂದೆ.

“ಹೋದ್ರೆ ಹೋಗ್ಲಿ ಕಣಪ್ಪ. ನೀರು ಕುಡಿಯೋದನ್ನ ನಾಟಕ ಮಾಡಿ ತೋರ್ಸೋಕೆ ನನ್ನ ಕೈ ಕೊಟ್ರೆ, ನಮ್ಮಮ್ಮ ಮತ್ತೆ ಈ ಕೈಗೆ ಅನ್ನ ಹಾಕಲ್ಲ.”

ಒಂಬತ್ತು ಗಂಟೆಗೆ ಕಾವಲುಗಾರ ತನ್ನ ಕೈವಾಲ್ವನ್ನು ಪೂರ್ತಿ ತೆರೆದ, ನೀರು ಬಂತು. ಆನೆಗಳು ಬಂದವು. ತಳ್ಳಾಟವಿಲ್ಲ, ಕೂಗಾಟವಿಲ್ಲ. ದೊಡ್ಡವು ಕುಡಿದು ಸರಿದವು, ಮರಿ ಕುಡಿಯಿತು, ಆಮೇಲೆ ಜೀಬ್ರಾಗಳು, ಆಮೇಲೆ ಹೆಸರು ಗೊತ್ತಿಲ್ಲದ ಯಾವ್ಯಾವುವೋ. ನೀರು ನಿಲ್ಲುವುದಿಲ್ಲ ಎಂದು ತಿಳಿದ ಮೇಲೆ ಯಾರಿಗೂ ಅವಸರವಿರಲಿಲ್ಲ. ಇವರು ಆನೆಗಳನ್ನು ನೋಡಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಪೈಪಿಗೆ ಕಿವಿ ಇಟ್ಟು ಕುಳಿತಿದ್ದರು.

ಮಧ್ಯಾಹ್ನ ಬಿಸಿಲಿನಿಂದ ಬೆಂದು ಬಂದ ಅತಿಥಿಗಳಿಗೆ ಒಣ ಈಜುಕೊಳ ಕಾದಿತ್ತು. ಗಲಾಟೆ ಆಯಿತು. ಮ್ಯಾನೇಜರ್ ಹೋಟೆಲಿನವರ ಕಾಲು ಹಿಡಿಯುವುದೊಂದು ಬಾಕಿ. ವಾಲ್ವನ್ನು ವಾಪಸ್ ಹಾಕು ಎಂದು ಇವರಿಗೆ ಎಲ್ಲರೆದುರು ಕೂಗಿದ. ಇವರು ಸ್ಪ್ಯಾನರನ್ನು ಒರೆಸಿ ಅವನ ಮುಂದೆ ಮೇಜಿನ ಮೇಲಿಟ್ಟು, ನೀವೇ ಹಾಕಿ ಸಾರ್ ಎಂದರು. ಅವನಿಗೆ ಬರುತ್ತಿರಲಿಲ್ಲ.

ಕುವೈತಿಗೆ ಬಂದ ಮೂರನೇ ದಿನ ಅವನು ನನ್ನನ್ನು ಕರೆದ. ವರದಿ ಹಾಳೆ ನಾನೇ ಟೈಪ್ ಮಾಡಬೇಕಂತೆ. ಮಾಡಿದ ಕೆಲಸ: ಗಿರಾಕಿಯ ಈಜುಕೊಳದ ವಾಲ್ವನ್ನು ಅನುಮತಿಯಿಲ್ಲದೆ ಬಿಚ್ಚಿ ಬೇರೆ ಕಡೆ ಹಾಕಲಾಗಿದೆ. “ಕಾರಣ ಬೇಡ. ಕಾರಣ ಅನ್ನೋದು ಒಪೀನಿಯನ್. ನಮಗೆ ಫ್ಯಾಕ್ಟ್ಸ್ ಸಾಕು” ಎಂದ. ಅವನ ಮೇಜಿನ ಮೇಲೆ ಇನ್ನೊಂದು ಕಾಗದವಿತ್ತು, ನನ್ನ ಹೆಂಡತಿಯ ವೀಸಾದ ಅರ್ಜಿ. ಅದರ ಮೇಲೆ ಅವನ ಸಹಿ ಬೀಳಬೇಕಿತ್ತು. ಅವನು ಪೆನ್ನಿನಿಂದ ಅದನ್ನು ಒಂದಿಷ್ಟು ಸರಿಸಿದ, ಅಷ್ಟೇ. ನಾನು ಕಾರಣದ ಕಾಲಂ ಖಾಲಿ ಬಿಟ್ಟು ಸಹಿ ಹಾಕಿದೆ. ಗೀಟನ್ನೂ ಎಳೆಯಲಿಲ್ಲ.

ಅವರು ಕೊನೆಯ ದಿನ ಸಾಮಾನಿನ ಚೀಲ ಒಪ್ಪಿಸಲು ಸ್ಟೋರಿಗೆ ಬಂದರು. ಕಾರ್ಬನ್ ಪ್ರತಿ ನನ್ನ ಮೇಜಿನ ಮೇಲೆಯೇ ಇತ್ತು. ಎತ್ತಿ ಓದಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಜಾಗದ ಮೇಲೆ ಬೆರಳಿನ ಹಿಂಬದಿ ಇಟ್ಟು, ಪೈಪ್ ಮುಟ್ಟುವ ಹಾಗೆ ಮುಟ್ಟಿ, “ಇಲ್ಲಿ ಏನೋ ಬಿಟ್ಟುಹೋಗಿದೆ ಕಣಪ್ಪ” ಎಂದರು.

“ಬರೀತೇನೆ ಸಾರ್” ಎಂದೆ.

“ಬರಿ” ಎಂದರು. ಹೊರಗಿನ ನಲ್ಲಿಯಲ್ಲಿ ಒಂದು ಬೊಗಸೆ ನೀರು ಕುಡಿದು ಹೋದರು.

ಯಜಮಾನರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಸಾಮಾನು ಹಾಳುಮಾಡಿದ್ದಕ್ಕೆ ಕಳಿಸಿದೆವು ಎಂದು ಮ್ಯಾನೇಜರ್ ಆ ಹಾಳೆಯನ್ನೇ ತೋರಿಸಿದ್ದ. ಎರಡು ವರ್ಷದ ಮೇಲೆ ಈದ್ ದಿನ ಶುಭಾಶಯ ಹೇಳಲು ಅವರ ಮನೆಗೆ ಹೋದಾಗ, ಆ ಮುದುಕರು ಮುಂಬೈ ವ್ಯಾಪಾರದ ಕಾಲದಲ್ಲಿ ಕಲಿತ ಹಿಂದಿಯಲ್ಲಿ, ನಮ್ಮ ಪಾನಿವಾಲಾ ನಿಜವಾಗಿ ಏನು ಮಾಡಿದ ಎಂದು ನನ್ನನ್ನು ಕೇಳಿದರು. ನಾನು ಹೇಳಿಬಿಟ್ಟೆ. ಮ್ಯಾನೇಜರ್ ಕಾಫಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದ. ಮುದುಕರು ತಮ್ಮ ಬಾಲ್ಯದಲ್ಲಿ ಈ ಊರಿಗೆ ಕುಡಿಯುವ ನೀರು ಹಡಗಿನಲ್ಲಿ ಬರುತ್ತಿತ್ತು, ಬಿರುಗಾಳಿಗೆ ಹಡಗು ತಡವಾದರೆ ತಾಯಂದಿರು ದಡದಲ್ಲಿ ನಿಂತು ಕಾಯುತ್ತಿದ್ದರು ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಕಾಗಜ್ ಪೇ ಕ್ಯೋಂ ನಹೀಂ ಲಿಖಾ?” ಎಂದು ಕೇಳಿದರು. ಕಾಗದದ ಮೇಲೆ ಯಾಕೆ ಬರೆಯಲಿಲ್ಲ.

ಅವರನ್ನು ವಾಪಸ್ ಕರೆಸಿ, ಹಾಳೆ ತಿದ್ದಿ ಎಂದು ಮುದುಕರು ಹೇಳಿದರು. ಮ್ಯಾನೇಜರ್ ಎದೆಯ ಮೇಲೆ ಕೈಯಿಟ್ಟು ಆಗಲಿ ಎಂದ. ಮುಂದಿನ ಚಳಿಗಾಲದಲ್ಲಿ ಮುದುಕರು ತೀರಿಕೊಂಡರು. ಹಾಳೆ ಹಾಗೇ ಉಳಿಯಿತು. ವಾಪಸ್ ಬನ್ನಿ ಎಂದು ನಾನು ಮಧುಗಿರಿಗೆ ಬರೆದ ಪತ್ರಕ್ಕೆ ಅವರಿಂದ ಒಂದು ಪೋಸ್ಟ್‌ಕಾರ್ಡ್ ಬಂತು: ಊರಿನ ನೀರು ಸರಬರಾಜಿನಲ್ಲಿ ಕೆಲಸ ಸಿಕ್ಕಿದೆ, ಬರುವುದಿಲ್ಲ. ಕೊನೆಗೆ, ‘ಆ ಕಾಲಂ ಬರೆದೆಯಾ?’ ನಾನು ಉತ್ತರ ಹಾಕಲಿಲ್ಲ. ಇದನ್ನು ಚರ್ಚಿನಲ್ಲಿ ಪಾಪನಿವೇದನೆಯ ಹೊತ್ತಿಗೂ ಹೇಳಿಕೊಂಡಿದ್ದೇನೆ. ಫಾದರ್ ಮೂರು ಪ್ರಾರ್ಥನೆ ಹೇಳಲು ತಿಳಿಸಿದರು. ಹೇಳಿದೆ. ಸಾಲಲಿಲ್ಲ.

ಮೊನ್ನೆಯ ಸಭೆಯಲ್ಲಿ, ಜೊತೆಗೆ ಕೆಲಸ ಮಾಡಿದವರೆಂದು ನನ್ನನ್ನೂ ಎರಡು ಮಾತಾಡಲು ಕರೆದರು. ಎದ್ದು ಹೋದೆ. ಅಧ್ಯಕ್ಷರ ಮುಂದೆ ಬಾಟಲಿ ನೀರು, ಲೋಟ. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ, ಮಕ್ಕಳು. “ಬಹಳ ಒಳ್ಳೆಯ ಮನುಷ್ಯ” ಎಂದು ಹೇಳಿ ಕೆಳಗಿಳಿದೆ. ಥೂ ಎನಿಸಿತು ನನಗೆ ನನ್ನ ಬಗ್ಗೆ. ಸತ್ತವರಿಗೆ ಇಷ್ಟಾದರೂ ಕೊಡಲಾರದವನು ಇದ್ದವರಿಗೆ ಏನು ಕೊಟ್ಟಾನು.

ಮರುದಿನ ಸ್ಟೋರಿನ ಹಳೆಯ ಕಡತಗಳನ್ನು ಎಳೆದು ಆ ಕಾರ್ಬನ್ ಪ್ರತಿ ಹುಡುಕಿದೆ. ಸಿಕ್ಕಿತು. ನೀಲಿ ಅಕ್ಷರ ಮಸುಕಾಗಿದೆ, ನನ್ನ ಸಹಿ ಮಾತ್ರ ಚೆನ್ನಾಗಿ ಕಾಣುತ್ತದೆ. ಪೆನ್ಸಿಲ್ ಚೂಪು ಮಾಡಿಕೊಂಡೆ. ಅದರಲ್ಲಿ ಬರೆದದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ಈ ಸಲ ಮ್ಯಾನೇಜರ್ ಓದಲಿ, ಸಭೆಯಲ್ಲಿ ನಕ್ಕವರೂ ಓದಲಿ.

ಮಾಡಿದ ಕೆಲಸ: ಈಜುಕೊಳದ ವಾಲ್ವ್ ಬಿಚ್ಚಿ ಪ್ರಾಣಿಗಳ ತೊಟ್ಟಿಗೆ ಹಾಕಲಾಗಿದೆ.

ಕಾರಣ: ಬಾಯಾರಿಕೆ.